ಸಿಡಿ59 ಪ್ರತಿಕಾಯ ತರಿಸುವವರಿಗೆ: ಮಾಲು ಕೈಗೆ ಬರುವ ಮೊದಲು ಚಲನ್‌ಗೆ ಸಹಿ ಹಾಕಬೇಡಿ

ಶಿವಮೊಗ್ಗದಂಥ ಊರಿನಲ್ಲಿದ್ದು ಸಂಶೋಧನೆ ಮಾಡುವವರು, ಅದರಲ್ಲೂ ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚು ಮಾಡಬೇಕಾದವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಸಿಡಿ59 ಎಂಬ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದ (ಆಂಟಿಬಾಡಿ) ಒಂದೇ ಒಂದು ವಯಲ್‌ಗೆ 38,000 ರೂಪಾಯಿ ಕೊಟ್ಟು ನಾನು ಮೋಸ ಹೋದೆ. ಹಣ ಹೋದದ್ದು ಒಂದು ಕಡೆ, ಆ ಮೋಸಕ್ಕೆ ಬೇಕಾಗಿದ್ದ ಕಾಗದಕ್ಕೆ, ಅಂದರೆ ಮಾಲು ತಲುಪಿತು ಎನ್ನುವ ಚಲನ್‌ಗೆ, ನಾನೇ ಸಹಿ ಹಾಕಿಕೊಟ್ಟೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಬರೆಯುವಾಗಲೂ ಕೈ ನಡುಗುತ್ತಿದೆ.

ರಕ್ತನಿಧಿಯಲ್ಲಿ ಕೆಂಪು ಕಣಗಳನ್ನು 42 ದಿನ ಇಡುವಷ್ಟರಲ್ಲಿ ಅವುಗಳ ಮೈಮೇಲಿನ ಸಿಡಿ59 ಎಷ್ಟು ಕಳೆದುಹೋಗುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ರೋಗಾಣುಗಳನ್ನು ಕೊಲ್ಲಲು ರಕ್ತದಲ್ಲಿರುವ ನಮ್ಮದೇ ಕಾಂಪ್ಲಿಮೆಂಟ್ ವ್ಯವಸ್ಥೆ ನಮ್ಮ ಕಣಗಳನ್ನು ತೂತು ಮಾಡದಂತೆ ಕಾಯುವ ಪುಟ್ಟ ಪ್ರೋಟೀನು ಅದು. ಆ ವ್ಯವಸ್ಥೆಯ ಸಿ9 ಎಂಬ ಪ್ರೋಟೀನಿನ ಅಣುಗಳು ಸೇರಿ ಕಣದ ಪೊರೆಯಲ್ಲಿ ರಂಧ್ರ ಕಟ್ಟುವ ಕೊನೆಯ ಹಂತದಲ್ಲಿ ಅಡ್ಡ ನಿಲ್ಲುತ್ತದೆ. ಪಿಎನ್‌ಎಚ್ ಎಂಬ ಅಪರೂಪದ ರಕ್ತದ ಕಾಯಿಲೆಯಲ್ಲಿ ಇದೂ, ಇಂಥದೇ ಕಾವಲು ಪ್ರೋಟೀನಾದ ಸಿಡಿ55 ಕೂಡ ಇಲ್ಲದ ಕಾರಣಕ್ಕೇ ಕೆಂಪು ಕಣಗಳು ಒಡೆಯುತ್ತವೆ. ಪ್ರತಿಕಾಯ ಸರಿಯಿಲ್ಲದಿದ್ದರೆ ನನ್ನ ಕೆಲಸದಲ್ಲಿ ಉಳಿಯುವುದು ಏನೂ ಇಲ್ಲ.

ಮೂರು ಕೊಟೇಶನ್‌ಗಳಲ್ಲಿ ಕಡಿಮೆ ದರದ್ದು ಬೆಂಗಳೂರಿನ ಒಬ್ಬ ವಿತರಕರದು. ಅವರ ಪ್ರತಿನಿಧಿ ಮಾರ್ಚ್ 28ರಂದು ಬಂದು, "ಮೇಡಂ, ಮಾಲು ಹೊರದೇಶದಿಂದ ಬರಬೇಕು, ಎಂಟು ವಾರ ಹಿಡಿಯುತ್ತದೆ, ನೀವು ಚಲನ್‌ಗೆ ಸಹಿ ಮಾಡಿ ಸ್ಟಾಕ್ ರಿಜಿಸ್ಟರಿಗೆ ಏರಿಸಿಬಿಡಿ, ಎಲ್ಲ ಕಡೆಯೂ ಹೀಗೇ ನಡೆಯುವುದು" ಎಂದರು. ಹೀಗೇ ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಸಹಿ ಮಾಡಿದೆ.

ವಯಲ್ ಬಂದದ್ದು ಜೂನ್ ಕೊನೆಯಲ್ಲಿ, ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಥರ್ಮಾಕೋಲ್ ಡಬ್ಬಿಯ ಮೇಲಿನ ಕಾಗದ ನೆನೆದು ಮುದ್ದೆಯಾಗಿತ್ತು, ಒಳಗಿನ ಜೆಲ್ ಪ್ಯಾಕುಗಳು ಪೂರ್ತಿ ಕರಗಿದ್ದವು. ಒಂದು ರಾತ್ರಿಗೆ ಪ್ರತಿಕಾಯ ಕೆಡುವುದಿಲ್ಲ ಎಂದುಕೊಂಡು ಫೋಟೊ ಕೂಡ ತೆಗೆಯದೆ ನಾಲ್ಕು ಡಿಗ್ರಿಯಲ್ಲಿ ಎತ್ತಿಟ್ಟೆ. ಇದು ನನ್ನ ಎರಡನೇ ತಪ್ಪು.

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಹಾಳೆಯ ಮೇಲೆ ಪ್ರತಿಕಾಯದಿಂದ ಪತ್ತೆ ಮಾಡುವ ಬ್ಲಾಟ್‌ನಲ್ಲಿ ಸಿಡಿ59 ಪಟ್ಟಿಯಾಗಿ ಕಾಣಬೇಕಾದದ್ದು 18ರಿಂದ 20 ಕಿಲೋಡಾಲ್ಟನ್ (ಅಣುತೂಕದ ಅಳತೆ) ಹತ್ತಿರ. ಅಲ್ಲಿ ಏನೂ ಇರಲಿಲ್ಲ. 50ರ ಹತ್ತಿರ ದಪ್ಪ ಪಟ್ಟಿಯೊಂದು ಬಂತು, ಮತ್ತು ಋಣ ನಿಯಂತ್ರಣಕ್ಕೆಂದು, ಅಂದರೆ ಏನೂ ಕಾಣಬಾರದ ಹೋಲಿಕೆಯ ಮಾದರಿಯಾಗಿ, ಕೋಳಿ ಅಂಗಡಿಯಿಂದ ತಂದ ರಕ್ತದ ಸಾಲಿನಲ್ಲೂ ಅದೇ ಜಾಗದಲ್ಲಿ ಅದೇ ಪಟ್ಟಿ ಬಂತು. ಮನುಷ್ಯರ ಸಿಡಿ59ಕ್ಕೆಂದು ಕೊಂಡ ಪ್ರತಿಕಾಯಕ್ಕೆ ಕೋಳಿಯ ಕಣದಲ್ಲಿ ಏನು ಕೆಲಸ? ಮೊದಲ ಪ್ರತಿಕಾಯ ಎಲ್ಲಿ ಅಂಟಿದೆ ಎಂದು ತೋರಿಸುವ ದ್ವಿತೀಯ ಪ್ರತಿಕಾಯ ಮಾತ್ರ ಹಾಕಿದ ಬ್ಲಾಟ್ ಹಾಳೆ ಬಿಳಿಯಾಗಿಯೇ ಇತ್ತು, ಅಂದರೆ ಆ ಪಟ್ಟಿ ಬಂದದ್ದು ಈ ವಯಲ್‌ನಿಂದಲೇ.

ದೂರು ಕೊಟ್ಟೆ. ಅವರ ತಾಂತ್ರಿಕ ವಿಭಾಗದವರು, "ನಿಮ್ಮ ವಿಧಾನದಲ್ಲೇ ದೋಷವಿದೆ, ಮಾದರಿಗೆ ಬೀಟಾ ಮರ್ಕ್ಯಾಪ್ಟೋಎಥನಾಲ್ ಹಾಕಿ ಚೆನ್ನಾಗಿ ಕುದಿಸಿ" ಎಂದು ಬರೆದರು. ಸಿಡಿ59ರಲ್ಲಿ ಅದರ ಆಕಾರ ಹಿಡಿದಿಡುವ ಐದು ಡೈಸಲ್ಫೈಡ್ ಬಂಧಗಳಿವೆ, ಅವು ಕಡಿದರೆ ಇಂಥ ಪ್ರತಿಕಾಯ ಗುರುತಿಸುವ ಆಕಾರವೇ ಉಳಿಯುವುದಿಲ್ಲ, ಆದ್ದರಿಂದ ಅವನ್ನು ಕಡಿಯುವ ಅಪಕರ್ಷಕ (ಬೀಟಾ ಮರ್ಕ್ಯಾಪ್ಟೋಎಥನಾಲ್ ಅಂಥದೇ) ಹಾಕಬಾರದೆಂದು ಅವರೇ ಕಳಿಸಿದ ಹಾಳೆಯಲ್ಲಿ ಅಚ್ಚಾಗಿದೆ! ಆದರೂ ನನ್ನನ್ನೇ ಅನುಮಾನಿಸಿಕೊಂಡು ಅದನ್ನೂ ಮಾಡಿದೆ. ಮತ್ತೆ ತರಲಾಗದ 42ನೇ ದಿನದ ಮಾದರಿಗಳಲ್ಲಿ ಅರ್ಧ ಅದಕ್ಕೇ ಖರ್ಚಾಯಿತು. ಕೊನೆಗೆ ಬೆಂಗಳೂರಿನ ಗೆಳತಿ ತನ್ನ ಪ್ರಯೋಗಾಲಯದಿಂದ ಅದೇ ಕ್ಲೋನ್‌ನ, ಅಂದರೆ ಅದೇ ಮೂಲದ ಪ್ರತಿಕಾಯದ, ಹತ್ತು ಮೈಕ್ರೋಲೀಟರ್ ಕೊಟ್ಟಳು. ಅದೇ ಮಾದರಿ, ಅದೇ ಬಫರ್. 20ರ ಕೆಳಗೆ ಸ್ವಚ್ಛವಾದ ಪಟ್ಟಿ, ಕೋಳಿಯ ಸಾಲು ಖಾಲಿ.

ಆ ಸಂಜೆ ಅವರ ವಯಲ್ ಹೊರತೆಗೆದು ದೀಪದ ಕೆಳಗೆ ಹಿಡಿದೆ. ತೇವಕ್ಕೆ ಲೇಬಲ್‌ನ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಅಡಿಯಲ್ಲಿ ಇನ್ನೊಂದು ಲೇಬಲ್. ಬೇರೆ ಲಾಟ್ ಸಂಖ್ಯೆ, ನಾನು ಆರ್ಡರ್ ಕೊಡುವುದಕ್ಕೂ ಮೊದಲೇ ಮುಗಿದುಹೋಗಿದ್ದ ಅವಧಿ. ಕುರ್ಚಿ ಎಳೆದು ಕೂತುಬಿಟ್ಟೆ.

ಫೋಟೊ ಕಳಿಸಿದ್ದಕ್ಕೆ ಬಂದ ಉತ್ತರ ಎರಡೇ ಸಾಲು: "ಚಲನ್ ಪ್ರಕಾರ ಸರಕು ಮಾರ್ಚ್ 28ರಂದು ಸುಸ್ಥಿತಿಯಲ್ಲಿ ತಮಗೆ ತಲುಪಿದೆ. ದೂರು ಸಲ್ಲಿಸುವ ಏಳು ದಿನಗಳ ಅವಧಿ ಮುಗಿದಿದೆ." ಎಲ್ಲ ಕಡೆಯೂ ಹೀಗೇ ನಡೆಯುವುದು ಎಂದು ಹೇಳಿ ಸಹಿ ಹಾಕಿಸಿಕೊಂಡವರೇ, ಆ ಸಹಿಯನ್ನೇ ತೋರಿಸಿ ಬಾಗಿಲು ಹಾಕಿದರು. ಆ ಪ್ರತಿನಿಧಿ ಈಗ ಫೋನ್ ಎತ್ತುವುದಿಲ್ಲ.

ಅನುದಾನ ವಾಪಸ್ ಹೋದರೆ ಹೋಗಲಿ, ಮಾಲು ನೋಡದೆ ಸಹಿ ಮಾಡಬೇಡಿ. ಲಾಟ್ ಸಂಖ್ಯೆಯನ್ನು ಆರ್ಡರ್‌ನಲ್ಲೇ ಬರೆಸಿಕೊಳ್ಳಿ, ಡಬ್ಬಿ ಒಡೆಯುವಾಗ ವಿಡಿಯೊ ಮಾಡಿ, ಲೇಬಲ್ ಮೇಲೆ ಉಗುರು ಆಡಿಸಿ ನೋಡಿ. ಎರಡೂ ಲೇಬಲ್‌ಗಳ ಚಿತ್ರವನ್ನು ನೇರವಾಗಿ ತಯಾರಕರಿಗೇ ಕಳಿಸಿದ್ದೇನೆ. ವಯಲ್ ಎಸೆದಿಲ್ಲ, ಖರೀದಿ ಸಮಿತಿಯ ಮುಂದೆ ಇಡುವುದಕ್ಕೆಂದು ಫ್ರಿಜ್‌ನ ಮೇಲಿನ ತಟ್ಟೆಯಲ್ಲಿಟ್ಟಿದ್ದೇನೆ.