ಲಾರಿಗೆ ‘ದೊಡ್ಡ ಬ್ರೇಕ್’ ಹಾಕಿಸೋ ಮುಂಚೆ ಇದನ್ನು ಓದಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಲಾರಿ ಮಾಲೀಕರು, ಡ್ರೈವರ್‌ಗಳು ದಯವಿಟ್ಟು ಪೂರ್ತಿ ಓದಿ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಲೋಡ್ ಜಾಸ್ತಿ ಆದಾಗ ಬ್ರೇಕೂ ಗಟ್ಟಿ ಇರಲಿ ಅನ್ನಿಸೋದು ಸಹಜ ಅಲ್ವಾ? ನಮ್ಮ 12 ಚಕ್ರದ ಲಾರಿಗೂ ಅದನ್ನೇ ಮಾಡಿಸಿದೆವು. ಗ್ಯಾರೇಜಿನವರು ಧೈರ್ಯ ಹೇಳಿದ್ದರು: “ಸಾವಕಾರ್ರ, ಚಿಂತಿ ಮಾಡಬ್ಯಾಡ್ರಿ, ದೊಡ್ಡ ಬೂಸ್ಟರ್ ಹಾಕೇವಿ.”

ಅಮರಗೋಳದ ಎಪಿಎಂಸಿಯಿಂದ ಗೋವಿನಜೋಳ ತುಂಬಿಕೊಂಡು ಗಾಡಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುತ್ತಿತ್ತು. ಬ್ರೇಕ್ ತುಳಿದಾಗಲೆಲ್ಲ ಎಡಕ್ಕೆ ಎಳೆಯತೊಡಗಿತು. ಸ್ವಲ್ಪ ಹೊತ್ತಿಗೆ ಹಿಂದಿನ ಎಡಚಕ್ರದಿಂದ ಹೊಗೆ. ಡ್ರೈವರ್ ಅಣ್ಣ ಮೊದಲೇ ಸಣ್ಣ ಗೇರಿನಲ್ಲಿದ್ದ, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ವೇಗ ಇಳಿಸೋದು) ಹಾಕಿಯೇ ಇಳಿಸುತ್ತಿದ್ದ. ಗುಡ್ಡದ ಕಡೆಗೆ ಒತ್ತಿ ಹೇಗೋ ನಿಲ್ಲಿಸಿದ. ಅವನ ಅನುಭವವೇ ಆವತ್ತು ಜೀವ ಉಳಿಸಿತು.

ಆಮೇಲೆ ಬೇರೆ ಮಿಸ್ತ್ರಿ ಬಿಚ್ಚಿ ತೋರಿಸಿದಾಗ ಎದೆ ಝಲ್ಲೆಂದಿತು. ಗ್ಯಾರೇಜಿನವರು ಬೂಸ್ಟರ್ ಅಂದದ್ದು ಬ್ರೇಕ್ ಚೇಂಬರನ್ನು, ಅಂದರೆ ಗಾಳಿಯ ಒತ್ತಡದಿಂದ ಬ್ರೇಕ್ ತಳ್ಳುವ ಡಬ್ಬಿಯನ್ನು. ಒಂದೇ ಆಕ್ಸಲ್‌ನಲ್ಲಿ ಎಡಕ್ಕೆ 30ರ ಚೇಂಬರ್, ಬಲಕ್ಕೆ ಹಳೆಯ 24. ಈ ನಂಬರ್ ಅಂದರೆ ಒಳಗಿನ ಡಯಾಫ್ರಮ್‌ನ (ರಬ್ಬರ್ ಪರದೆಯ) ಅಳತೆ, ಚದರ ಇಂಚಿನಲ್ಲಿ. ಗಾಳಿಯ ಒತ್ತಡ ಎರಡೂ ಕಡೆ ಒಂದೇ ಇದ್ದರೂ 30ರದ್ದು ಕಾಲು ಭಾಗ ಜಾಸ್ತಿ ತಳ್ಳುತ್ತದೆ. ಹಾಗಾಗಿ ಎಡಗಡೆ ಡ್ರಮ್ಮೇ ಹೆಚ್ಚು ಕೆಲಸ ಮಾಡಿ ಕಾದಿತ್ತು. ಕಾದ ಡ್ರಮ್ ಹಿಗ್ಗುತ್ತದೆ. ಲೈನರ್ (ಬ್ರೇಕ್ ಪಟ್ಟಿ) ಡ್ರಮ್ ಮುಟ್ಟೋಕೆ ಚೇಂಬರಿನಿಂದ ಹೊರಬರುವ ಪುಶ್ ರಾಡ್ ಇನ್ನೂ ದೂರ ಬರಬೇಕಾಗುತ್ತದೆ. ಅದರ ಓಟ ಮುಗಿದರೆ ಎಷ್ಟು ತುಳಿದರೂ ಬ್ರೇಕ್ ಸಿಗದು. ಆ ರಾಡ್ ತಳ್ಳಿದಾಗ ತಿರುಗಿ ಬ್ರೇಕ್ ಹಿಡಿಸುವ ಸ್ಲ್ಯಾಕ್ ಅಡ್ಜಸ್ಟರ್‌ನ ತೋಳೂ ಉದ್ದದ್ದು ಹಾಕಿದ್ದರು. ತೋಳು ಉದ್ದವಾದಷ್ಟೂ ರಾಡ್ ಜಾಸ್ತಿ ಚಲಿಸಬೇಕು, ಅಂದರೆ ಇದ್ದ ಅಷ್ಟಿಷ್ಟು ಅಂತರವೂ ಹೋಯಿತು.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಸೆನ್ಸರ್ ವೈರ್ ಕತ್ತರಿಸಿ ಕಟ್ಟಿಟ್ಟಿದ್ದರು. ಎಚ್ಚರಿಕೆ ದೀಪವನ್ನೂ ಕಿತ್ತಿದ್ದರು! ಖಾಲಿ ಗಾಡಿಗೆ ದೊಡ್ಡ ಚೇಂಬರ್, ಮಳೆಗಾಲದ ರಸ್ತೆ, ಎಬಿಎಸ್ ಇಲ್ಲ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗೋಕೆ ಇನ್ನೇನು ಬೇಕು?

ನನಗೆ ಇಂದಿಗೂ ಸಿಟ್ಟು ತರಿಸೋದು ಇನ್ನೊಂದು. ಪಾರ್ಕಿಂಗ್ ಬ್ರೇಕ್ ಹಿಡಿಯೋದು ಸ್ಪ್ರಿಂಗ್ ಚೇಂಬರಿನ ಒಳಗಿನ ಸ್ಪ್ರಿಂಗ್. ಆ ಚೇಂಬರ್ ಜೋಡಿಸುವಾಗ ಒಳಗಿನ ಸ್ಪ್ರಿಂಗನ್ನು ಒಂದು ಬೋಲ್ಟ್‌ನಿಂದ ಬಿಗಿದು ಹಿಡಿದಿರುತ್ತಾರೆ. ಕೆಲಸ ಮುಗಿದ ಮೇಲೆ ಆ ಬೋಲ್ಟ್ ಸಡಿಲಿಸಿ ತೆಗೆಯಬೇಕು. ಒಂದು ಚಕ್ರದಲ್ಲಿ ಅದನ್ನು ಹಾಗೇ ಬಿಟ್ಟಿದ್ದರು. ಆ ಚಕ್ರಕ್ಕೆ ಪಾರ್ಕಿಂಗ್ ಬ್ರೇಕೇ ಇರಲಿಲ್ಲ. ಗಾಳಿ ಪೂರ್ತಿ ಹೋದಾಗ ತಾನಾಗಿ ಹಿಡಿಯೋ ಬ್ರೇಕೂ ಅದೇ. ಅಂದ ಹಾಗೆ, ಆ ಚೇಂಬರಿನ ಕ್ಲ್ಯಾಂಪನ್ನು ನೀವಾಗಿ ಬಿಚ್ಚೋಕೆ ಹೋಗಬೇಡಿ. ಸ್ಪ್ರಿಂಗ್ ಸಿಡಿದರೆ ಪ್ರಾಣ ಹೋಗುತ್ತದೆ.

ಗಾಡಿ ಕೈಗೆ ಬಂದ ದಿನವೇ ಸಮತಟ್ಟಾದ ಜಾಗದಲ್ಲಿ ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಗಾಳಿ ತುಂಬಿದ ಮೇಲೆ ಇಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿ. ಒಬ್ಬರು ಪೆಡಲ್ ಪೂರ್ತಿ ತುಳಿಯಲಿ, ಇನ್ನೊಬ್ಬರು ಹೊರಗೆ ನಿಂತು ಪ್ರತಿ ಚಕ್ರದ ರಾಡ್ ಎಷ್ಟು ಹೊರಬರುತ್ತದೆ ಅಂತ ಅಳೆಯಲಿ. ಎಡ ಬಲ ಹೆಚ್ಚುಕಡಿಮೆ ಸಮ ಇರಬೇಕು. ಸಾಮಾನ್ಯ 30ರ ಚೇಂಬರ್‌ನಲ್ಲಿ 2 ಇಂಚು ದಾಟಿದರೆ ಗಾಡಿ ರಸ್ತೆಗೆ ಇಳಿಸಬೇಡಿ. ಚೇಂಬರ್ ಮೇಲಿನ ನಂಬರ್‌ಗಳ ಫೋಟೋ ತೆಗೆದು ಗಾಡಿ ಕಂಪನಿಯ ಪಾರ್ಟ್ಸ್ ಪುಸ್ತಕದ ಜೊತೆ ಹೋಲಿಸಿ. ಬಿಲ್‌ನಲ್ಲಿ ಪ್ರತಿ ಪಾರ್ಟಿನ ನಂಬರ್ ಬರೆಸಿಕೊಳ್ಳಿ. ನಮ್ಮ ಕೈಗೆ ಸಿಕ್ಕ ಚೀಟಿಯಲ್ಲಿ ‘ಬ್ರೇಕ್ ಕೆಲಸ’ ಅಂತ ಮಾತ್ರ ಇತ್ತು. ಹೀಗಾಗಿ ಆ ಗ್ಯಾರೇಜಿನವರು ಇವತ್ತಿಗೂ “ಅದು ನಾವು ಹಾಕಿದ್ದಲ್ಲ” ಅನ್ನುತ್ತಿದ್ದಾರೆ.