ಕೇರಂ ಸೂಪರ್, ಆಪ್ ಮಾತ್ರ ತಲೆನೋವು

ಹೆಸರು ಬೇಡ, ಹತ್ತಾರು ಚಿಕ್ಕ ಆಟಗಳನ್ನು ಒಂದೇ ಕಡೆ ಕೊಡುವ ಗೇಮಿಂಗ್ ಆಪ್ ಇದು. ಅದರಲ್ಲಿ ಕೇರಂ ಆಟ ಸೂಪರ್. ಸ್ಟ್ರೈಕರ್ ಎಳೆದು ಬಿಟ್ಟರೆ ಕಾಯಿ ನಿಜವಾದ ಬೋರ್ಡಿನ ಮೇಲೆ ಜಾರಿದ ಹಾಗೇ ಜಾರುತ್ತದೆ. ಆದರೆ ಒಂದು ಆಟ ಮುಗಿದರೆ ಸಾಕು, ಜಾಹೀರಾತು ಬಂದು ಕೂರುತ್ತದೆ. ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ಬೆರಳು ಸ್ವಲ್ಪ ಆಚೀಚೆ ಆದರೂ ಸೀದಾ ಪ್ಲೇ ಸ್ಟೋರ್‌ಗೆ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ಮುಂದಿನ ಆಟ ಶುರುವಾಗಿ ನನ್ನ ಸರದಿಯೂ ಹೋಗಿರುತ್ತದೆ.

ಕಂಪನಿಯವರ ಕಷ್ಟ ಗೊತ್ತಾಗದ್ದೇನಲ್ಲ. 2023ರ ಅಕ್ಟೋಬರ್‌ನಿಂದ ದುಡ್ಡು ಕಟ್ಟಿ ಆಡುವ ಆಟಗಳಿಗೆ 28% ಜಿಎಸ್‌ಟಿ ಬಿತ್ತು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಅಂಥ ಆಟಗಳೇ ಬಂದ್. ಒಳ್ಳೆಯದೇ ಆಯಿತು ಬಿಡಿ. ಈಗ ಜಾಹೀರಾತು, ಕಾಯಿನ್ ಮಾರಾಟದಿಂದಲೇ ಹೊಟ್ಟೆ ತುಂಬಬೇಕು. ಹಾಗಂತ ಸುಮ್ನೆ ಆಡೋರಿಗೆ ಇಷ್ಟು ಕಾಟ ಕೊಡಬೇಕಾ?

ನಮ್ಮ ಕಲಬುರಗಿ ಬಿಸಿಲಿಗೆ ಏಪ್ರಿಲ್‌ನಲ್ಲಿ ಫೋನ್ ಮೊದಲೇ ಕಾದಿರುತ್ತದೆ, ಇದನ್ನು ಹಚ್ಚಿದರೆ ಕೈಯಲ್ಲಿ ಹಿಡಿಯೋಕೆ ಆಗಲ್ಲ. ಗ್ರಾಫಿಕ್ಸ್ ಕಡಿಮೆ ಮಾಡುವ ಆಯ್ಕೆಯೇ ಇಲ್ಲ. ಕನ್ನಡ ಇದೆ, ಖುಷಿ. ಆದರೆ ಬಟನ್ ಚಿಕ್ಕದು, ‘ಮುಂದುವರಿಸಿ’ ಅನ್ನೋದು ‘ಮುಂದುವ’ಕ್ಕೇ ನಿಂತಿದೆ. ಕೇರಂಗೋಸ್ಕರ ಮೂರು ಸ್ಟಾರ್, ಅಷ್ಟೇ.