ಮಗುವಿನ ಫೋಟೋ ನೋಡಿ ದುಡ್ಡು ಕಳಿಸುವ ಮುಂಚೆ

ಒಂದು ಫೋಟೋ, ಒಂದು ಹೆಸರು, ಕರುಳು ಹಿಂಡುವ ನಾಲ್ಕು ಸಾಲು. ತಿಂಗಳಿಗಿಷ್ಟು ಕಟ್ಟಿದರೆ ಈ ಅನಾಥ ಮಗುವಿನ ಊಟ, ಓದು ನಿಮ್ಮದು ಎಂಬ ಮನವಿ. ಹೀಗೆ ವರ್ಷಗಟ್ಟಲೆ ಕಟ್ಟಿ ಮೋಸಹೋದವರಿಗೆ ವಿಷಯ ತಿಳಿಯುವುದು ಹೆಚ್ಚಾಗಿ ಅಕಸ್ಮಾತ್ತಾಗಿ. ಅದೇ ಫೋಟೋ ಇನ್ನೊಬ್ಬ ದಾನಿಯ ಬಳಿ ಬೇರೆ ಹೆಸರಿನಲ್ಲಿ ಸಿಗುತ್ತದೆ. ಹತ್ತು ಮಕ್ಕಳ ಪತ್ರಗಳಲ್ಲಿ ಒಂದೇ ಕೈಬರಹ ಕಾಣುತ್ತದೆ. ಇಲ್ಲವೇ ಮಗುವಿನ ತಾಯಿ ಬದುಕಿದ್ದಾಳೆಂದು ಗೊತ್ತಾಗುತ್ತದೆ.

ಮೂರನೆಯದು ಅಪರೂಪವೇನಲ್ಲ. ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಇದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಹೆಚ್ಚಾಗಿ ಸಾವಲ್ಲ, ಬಡತನ. ಯುನಿಸೆಫ್ ಲೆಕ್ಕದಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಹೀಗೆ ಎಣಿಸಿದಾಗ ಸಿಗುವ ದೊಡ್ಡ ಅಂಕಿಯನ್ನು ಕರಪತ್ರದಲ್ಲಿ ಹಾಕಿ, ಅಷ್ಟೂ ಮಕ್ಕಳಿಗೆ ಯಾರೂ ಇಲ್ಲ ಎಂಬಂತೆ ತೋರಿಸುವವರಿದ್ದಾರೆ. ನೇಪಾಳದಲ್ಲಿ 1996ರಿಂದ 2006ರ ತನಕ ನಡೆದ ಅಂತರ್ಯುದ್ಧದ ಹೊತ್ತಿಗೆ ದಲ್ಲಾಳಿಗಳು 'ಓದಿಸುತ್ತೇವೆ' ಎಂದು ಹೇಳಿ ಹುಮ್ಲಾದಂಥ ದೂರದ ಜಿಲ್ಲೆಗಳ ಮಕ್ಕಳನ್ನು ಕಠ್ಮಂಡುವಿಗೆ ತಂದು, ಸುಳ್ಳು ಕಾಗದ ಮಾಡಿಸಿ ಅನಾಥರನ್ನಾಗಿಸಿದರು. 2018ರಲ್ಲಿ ಆಸ್ಟ್ರೇಲಿಯಾ ಈ ದಂಧೆಯನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು.

ಬೇರು ಇರುವುದು ತಲೆಗಿಷ್ಟು ಎಂದು ಬರುವ ಹಣದಲ್ಲಿ. ಒಂದು ಮಗು ಮನೆಗೆ ಮರಳಿದರೆ ಒಬ್ಬ ದಾನಿ ಕಡಿಮೆಯಾದಂತೆ. ಹಾಗಾಗಿ ಮರಳಿಸುವ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಬಡಕಲು ಮಗುವಿಗೆ ಹಣ ಹೆಚ್ಚು ಬರುತ್ತದೆ, ಆದ್ದರಿಂದ ಮಗು ಬಡಕಲಾಗಿಯೇ ಉಳಿಯುತ್ತದೆ. ಕೆಟ್ಟ ಲೆಕ್ಕ, ಆದರೆ ಲೆಕ್ಕ ಸರಿಯಾಗಿಯೇ ಇದೆ!

ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ವರ್ಷ ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ಮನೆಗೋ ಸಾಕು ಕುಟುಂಬಕ್ಕೋ ಹೋದರು? ಉತ್ತರ ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ. 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎನ್ನುತ್ತದೆ. ತಾತ್ಕಾಲಿಕ ಆರೈಕೆಯಲ್ಲಿರುವ ಮಗುವಿನ ಸ್ಥಿತಿಯನ್ನು ಸಾಧ್ಯವಾದಷ್ಟು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು ಎನ್ನುತ್ತದೆ. ಆ ಪರಿಶೀಲನೆ ಯಾರು ಮಾಡುತ್ತಾರೆ ಎಂದು ಕೇಳಿ. ಮಗುವಿನ ಕಡತ ತೋರಿಸಿ ಎನ್ನಬೇಡಿ, ಅದು ಗುಟ್ಟಾಗಿರಬೇಕು. ಕೇಳಿದ ತಕ್ಷಣ ತೆರೆದು ತೋರಿಸಿದರೆ ಅದೂ ಒಂದು ತಪ್ಪೇ.

ಟ್ರಸ್ಟಿನ ನೋಂದಣಿ ಬೇರೆ, ಮಕ್ಕಳನ್ನು ಇಟ್ಟುಕೊಳ್ಳುವ ಪರವಾನಗಿ ಬೇರೆ. ಹೆಚ್ಚಿನವರು ಮೊದಲನೆಯದರ ಪ್ರತಿ ನೋಡಿ ಸಮಾಧಾನಪಡುತ್ತಾರೆ. ಹಣ ವ್ಯಕ್ತಿಯ ಹೆಸರಿನ ಖಾತೆಗೆ ಕೇಳಿದರೆ ಬೇಡ. ಲೆಕ್ಕಪತ್ರದಲ್ಲಿ ಸಿಬ್ಬಂದಿ ಸಂಬಳದ ಸಾಲು ನೋಡಿ: ಕಟ್ಟಡಕ್ಕೆ ಬೇಕಾದಷ್ಟು ಖರ್ಚು, ಸಂಬಳಕ್ಕೆ ಚಿಲ್ಲರೆ ಎಂದರೆ ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ ಎಂದು ಕೇಳಲೇಬೇಕು. ಗುರುತು ಪರಿಚಯವಿಲ್ಲದ ನಿಮ್ಮನ್ನು ನೇರ ಮಕ್ಕಳ ಕೋಣೆಗೆ ಬಿಟ್ಟು ಫೋಟೋ ತೆಗೆಯಲು ಬಿಡುವುದು ಆತಿಥ್ಯವಲ್ಲ. ನಿಮ್ಮನ್ನು ಬಿಟ್ಟವರು ಯಾರನ್ನಾದರೂ ಬಿಡುತ್ತಾರೆ.

ಬೀದಿಯಲ್ಲಿ ಕೈಚಾಚುವ ಮಗುವಿಗೆ ಕೊಟ್ಟ ನಗದು ಎಷ್ಟೋ ಸಲ ಹಿಂದೆ ನಿಂತ ದೊಡ್ಡವರ ಕೈ ಸೇರುತ್ತದೆ. ಅದರ ಬದಲು ಮಕ್ಕಳ ಸಹಾಯವಾಣಿಗೆ ಜಾಗ, ಸಮಯ ತಿಳಿಸಿ.

ಮೋಸ ಕಂಡುಬಂದರೆ ನಡೆಸುವವರ ಜೊತೆ ಜಗಳಕ್ಕಿಳಿಯಬೇಡಿ. ಮಕ್ಕಳನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿಬಿಡಬಹುದು. ರಸೀದಿ, ಸಂದೇಶ, ಫೋಟೋಗಳನ್ನು ದಿನಾಂಕ ಸಹಿತ ಜೋಡಿಸಿ ಮೊದಲು ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಕೊಡಿ. ಹಣ ಯಾವಾಗ ನಿಲ್ಲಿಸಬೇಕೆಂದು ಅವರನ್ನೇ ಕೇಳಿ, ಯಾಕೆಂದರೆ ಹಣ ನಿಂತ ದಿನ ಮೊದಲು ಕಡಿಮೆಯಾಗುವುದು ಮಕ್ಕಳ ತಟ್ಟೆಯ ಅನ್ನ.